ಲೈಬ್ರರಿಯ ದಾರಿಯಲ್ಲಿ ಹಾಡು ಹುಡುಕುವುದು: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ವಾರಕ್ಕೆ ಎರಡು ಸಲವಾದರೂ ಹೋಗುತ್ತೇನೆ. ಸಂಗೀತದ ಪುಸ್ತಕ ತೆಗೆದುಕೊಂಡು, ಅದರಲ್ಲಿ ಸಿಕ್ಕ ಹೆಸರನ್ನು ಫೋನಿನಲ್ಲಿ ಹುಡುಕಿ, ಅಲ್ಲೇ ಇಯರ್‌ಫೋನ್ ಹಾಕಿಕೊಂಡು ಕೇಳುವುದು ನನ್ನ ಅಭ್ಯಾಸ. ಅಕ್ಕಪಕ್ಕ ಕೂತವರು ಏನು ಕೇಳುತ್ತಿದ್ದೀರಿ ಅಂತ ವಿಚಾರಿಸಲು ಶುರು ಮಾಡಿದರು. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಲೈಬ್ರರಿ ಅಂದರೆ ಪುಸ್ತಕ ಅಲ್ವಾ? ಅಲ್ಲಿ ಹಾಡು ಎಲ್ಲಿಂದ ಬಂತು?

ಹೊರದೇಶದ ಸಾರ್ವಜನಿಕ ಲೈಬ್ರರಿಗಳಲ್ಲಿ ಮೊದಲು ಗ್ರಾಮಫೋನ್ ತಟ್ಟೆ, ಆಮೇಲೆ ಕ್ಯಾಸೆಟ್, ಸಿಡಿ ಎಲ್ಲವನ್ನೂ ಪುಸ್ತಕದ ಹಾಗೇ ಮನೆಗೆ ಕೊಡುತ್ತಿದ್ದರು. ಈಗ ಅದೇ ಕೆಲಸ ಇಂಟರ್‌ನೆಟ್ಟಿನಲ್ಲಿ ನಡೆಯುತ್ತಿದೆ. ಲೈಬ್ರರಿ ದುಡ್ಡು ಕಟ್ಟುತ್ತದೆ, ಕಾರ್ಡು ಇರುವವರು ಪುಕ್ಕಟೆ ಕೇಳುತ್ತಾರೆ.

ಅಮೆರಿಕದಲ್ಲಿ ಹೂಪ್ಲಾ ಅಂತ ಒಂದು ಸೇವೆ ಇದೆ. ಅದರಲ್ಲಿ ಒಂದು ಆಲ್ಬಮ್ಮನ್ನು 7 ದಿನದ ಮಟ್ಟಿಗೆ ಎರವಲು ಪಡೆಯಬಹುದು. ತಿಂಗಳಿಗೆ ಎಷ್ಟು ಅನ್ನುವುದನ್ನು ಆಯಾ ಲೈಬ್ರರಿ ತೀರ್ಮಾನಿಸುತ್ತದೆ. ಫ್ರೀಗಲ್ ಅಂತ ಇನ್ನೊಂದಿದೆ. ಶಾಸ್ತ್ರೀಯ ಸಂಗೀತಕ್ಕೆ ನ್ಯಾಕ್ಸೋಸ್ ಮ್ಯೂಸಿಕ್ ಲೈಬ್ರರಿ ಹೆಸರುವಾಸಿ. ಇವುಗಳಲ್ಲಿ ಜಾಹೀರಾತಿನ ಕಾಟ ಇಲ್ಲ. ನ್ಯಾಕ್ಸೋಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ವಿವರ. ರಚಿಸಿದವರು ಯಾರು, ನುಡಿಸಿದವರು ಯಾರು, ಯಾವ ವಾದ್ಯ, ಎಲ್ಲವನ್ನೂ ಬೇರೆ ಬೇರೆಯಾಗಿ ಹುಡುಕಬಹುದು. ಈ ವಿವರದ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಾ ನಿಂತಿರುವುದು ಅದರ ಮೇಲೇ.

ನಮ್ಮ ಮೈಸೂರಿನ ಕಾರ್ಡಿಗೆ ಇದು ಸಿಗುತ್ತಾ?

ಇಲ್ಲ. ಅಂಥ ಸಂಗೀತ ಸೇವೆ ನಮ್ಮ ಕಾರ್ಡಿನ ಜೊತೆ ಬರುವುದಿಲ್ಲ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು, ಪುಕ್ಕಟೆ ನೋಂದಾಯಿಸಿಕೊಳ್ಳಬಹುದು. ಆದರೆ ಅದು ಮುಖ್ಯವಾಗಿ ಓದುವವರಿಗೆ, ಪರೀಕ್ಷೆ ಕಟ್ಟುವವರಿಗೆ ಆಗಿಬರುವಂಥದ್ದು.

ಹಾಗಂತ ಕೈಚೆಲ್ಲಿ ಕೂರಬೇಡಿ. ಕೇಳುವ ಜಾಗ ಬೇರೆ ಇದೆ, ಪುಕ್ಕಟೆಯಾಗಿಯೇ ಇದೆ. ಖರಗ್‌ಪುರದ ಐಐಟಿ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲಿ ಹುಡುಕುವಾಗ ಆಡಿಯೊ ಮಾತ್ರ ತೋರಿಸು ಅಂತ ಆರಿಸಿಕೊಳ್ಳಬಹುದು. ಹಳೇ ಪುಸ್ತಕ, ಧ್ವನಿಮುದ್ರಣ ಕೂಡಿಟ್ಟಿರುವ ಇಂಟರ್‌ನೆಟ್ ಆರ್ಕೈವ್ ಅನ್ನುವ ಜಾಲತಾಣ ಇದೆ. ಸಂಗೀತ ನಾಟಕ ಅಕಾಡೆಮಿ, ಪ್ರಸಾರ ಭಾರತಿ ಇಬ್ಬರೂ ತಮ್ಮ ಸಂಗ್ರಹದಿಂದ ತೆಗೆದು ಯೂಟ್ಯೂಬಿನಲ್ಲಿ ಹಾಕುತ್ತಿದ್ದಾರೆ. ಯಾವ ಹೆಸರು ಹುಡುಕಬೇಕು ಅನ್ನುವುದನ್ನು ಮಾತ್ರ ಇವು ಯಾವುದೂ ನಿಮಗೆ ಹೇಳುವುದಿಲ್ಲ. ಅದಕ್ಕೆ ನಮ್ಮ ಲೈಬ್ರರಿಯ ಕಪಾಟು ಬೇಕು.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುತ್ತಾರೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ನೀವು ಆಗಲೇ ದುಡ್ಡು ಕಟ್ಟಿದ್ದೀರಿ. ಲೈಬ್ರರಿ ನಿಮ್ಮದೇ, ಹೋಗಿ ಕೇಳುವುದಕ್ಕೆ ಸಂಕೋಚ ಬೇಡ.

ಯಾವ ದಿನ ಹೋಗಬೇಕು?

ಸೋಮವಾರ ಮತ್ತು ತಿಂಗಳ ಎರಡನೇ ಮಂಗಳವಾರ ರಜೆ. ಭಾನುವಾರ ತೆರೆದಿರುತ್ತದೆ, ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ.

ಮೊಬೈಲಿನಲ್ಲೇ ಎಲ್ಲಾ ಇದೆಯಲ್ಲ. ಸುಮ್ನೆ ಲೈಬ್ರರಿಗೆ ಯಾಕೆ ಹೋಗಬೇಕು?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಒಂದು ಹಾಡನ್ನೇ ಇಟ್ಟುಕೊಂಡು ಹೇಳುತ್ತೇನೆ.

‘ಬ್ರೋಚೇವಾರೆವರುರಾ’ ಎಲ್ಲರಿಗೂ ಗೊತ್ತು. ಕಮಾಚ್ ರಾಗ, ಆದಿ ತಾಳ. ಸಂಗೀತ ಕಲಿಯದವರು ಕೂಡ ಗುನುಗುತ್ತಾರೆ. ಫೋನಿನಲ್ಲಿ ಹಾಕಿದರೆ ಹಾಡಿದವರ ಹೆಸರು ಕಾಣುತ್ತದೆ. ಮುಗಿದ ಮೇಲೆ ಆ್ಯಪ್ ತಾನಾಗಿಯೇ ಇನ್ನೊಂದು ಹಾಡು ಹಾಕುತ್ತದೆ. ಅದೂ ನೀವು ಕೇಳಿದ್ದೇ, ಇಲ್ಲವೇ ಕೇಳಿದ್ದರ ಹಾಗೇ ಇರುವಂಥದ್ದು. ಒಂದು ವಾರ ಕೇಳಿ, ಹದಿನೈದು ಹಾಡಿನ ಸುತ್ತಲೇ ಗಾಣದೆತ್ತಿನ ಹಾಗೆ ತಿರುಗುತ್ತಿರುತ್ತೀರಿ.

ಈಗ ಲೈಬ್ರರಿಗೆ ಬನ್ನಿ. ಈ ಹಾಡು ಬರೆದು ರಾಗ ಹಾಕಿದವರು ನಮ್ಮ ಮೈಸೂರು ವಾಸುದೇವಾಚಾರ್ಯರು. 1865ರಲ್ಲಿ ಹುಟ್ಟಿ 1961ರವರೆಗೆ ಬದುಕಿದ್ದವರು, ಅರಮನೆಯ ವಿದ್ವಾಂಸರು. ತಾವು ನೋಡಿದ ಸಂಗೀತಗಾರರ ಬಗ್ಗೆ ಅವರು ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದಾರೆ, ‘ನಾ ಕಂಡ ಕಲಾವಿದರು’ ಅಂತ. ಅವರ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ಆಗ ಆ ಗುರುವಿನ ರಚನೆ ಹುಡುಕುತ್ತೀರಿ. ಆಚಾರ್ಯರ ಕಾಲದ ಮೈಸೂರಿನಲ್ಲೇ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಇದ್ದರು. ಕೃಷ್ಣಪ್ಪನವರ ಶಿಷ್ಯರು ಪಿಟೀಲು ಚೌಡಯ್ಯ. ಮೈಕು ಇಲ್ಲದ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿದವರು. ಚೌಡಯ್ಯ ಅಂತ ಹುಡುಕಿದರೆ ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆ ಸಿಗುತ್ತದೆ, ಯಾಕೆಂದರೆ ಚೌಡಯ್ಯ ಅವರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು.

ಒಂದು ಹಾಡಿನಿಂದ ಹೊರಟು ಆರು ಹೆಸರು ಆಯಿತು. ಇಷ್ಟೂ ಕೆಲಸ ಒಂದು ಮಧ್ಯಾಹ್ನದಲ್ಲಿ ಆಗುವಂಥದ್ದು.

ಕಪಾಟಿನಲ್ಲಿ ಯಾವ ಕಡೆ ನೋಡಲಿ?

ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ್ದರೆ ಸಂಗೀತಕ್ಕೆ 780ರಿಂದ ಮುಂದೆ, ಜಾನಪದಕ್ಕೆ 398. ಜೀವನಚರಿತ್ರೆಯ ಸಾಲನ್ನೂ ನೋಡಿ, ಸಂಗೀತಗಾರರ ಬದುಕಿನ ಪುಸ್ತಕಗಳು ಎಷ್ಟೋ ಸಲ ಅಲ್ಲಿ ಸೇರಿಕೊಂಡಿರುತ್ತವೆ. ಪುಸ್ತಕದ ಕೊನೆಯಲ್ಲಿ ಹೆಸರುಗಳ ಪಟ್ಟಿ ಇದ್ದರೆ ಅದರಿಂದ ಶುರು ಮಾಡಿ. ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಕಲಾವಿದ, ರಚನೆಕಾರ, ರಾಗ, ಗುರು, ಊರು, ಸುಮಾರು ಯಾವ ವರ್ಷ, ಇಷ್ಟು ಬರೆದುಕೊಂಡರೆ ಸಾಕು.

ಹೆಸರು ಸಿಕ್ಕಿತು. ಫೋನಿನಲ್ಲಿ ಹುಡುಕಿದರೆ ಏನೂ ಬರುತ್ತಿಲ್ಲ. ಏನು ಮಾಡಲಿ?

ಹಾಡು ಇರುತ್ತದೆ, ಕಾಗುಣಿತ ಬೇರೆ ಇರುತ್ತದೆ. ಹಾಡನ್ನು ಅಂತರ್ಜಾಲಕ್ಕೆ ಹಾಕಿದವರು ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಹಾಗೆ ಬರೆದಿರುತ್ತಾರೆ. ಶೇಷಣ್ಣ ಅನ್ನುವಾಗ ಒಬ್ಬರು ಬರೀ ‘ಎಸ್’ ಹಾಕುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ‘ಎಚ್’ ಸೇರಿಸುತ್ತಾರೆ. ವಾಸುದೇವಾಚಾರ್ಯರು ತಮಿಳುನಾಡಿನ ಕಡೆಯ ಬರಹದಲ್ಲಿ ವಾಸುದೇವಾಚಾರಿಯರ್ ಆಗುತ್ತಾರೆ, ಕೆಲವು ಕಡೆ ಬರೀ ವಾಸುದೇವಾಚಾರ್. ಊರು ಕೂಡ ಹಳೇ ದಾಖಲೆಗಳಲ್ಲಿ ಮೈಸೂರು ಅಲ್ಲ, ‘ಮೈಸೋರ್’. ಹೊಸ ಹೆಸರಿನಲ್ಲಿ ಹುಡುಕಿದರೆ ಅವು ಬರುವುದೇ ಇಲ್ಲ.

ಹಾಗಾಗಿ ಹೆಸರು ಬಿಟ್ಟು ರಾಗದ ಹೆಸರು ಮತ್ತು ವಾದ್ಯದ ಹೆಸರು ಹಾಕಿ ನೋಡಿ. ಕನ್ನಡ ಲಿಪಿಯಲ್ಲೂ ಒಂದು ಸಲ ಹಾಕಿ. ಅದರಲ್ಲಿ ಬರುವುದೇ ಬೇರೆ ಪಟ್ಟಿ.

ತುಂಬಾ ಹಳೇ ರೆಕಾರ್ಡುಗಳು ಎಲ್ಲಿ ಸಿಗುತ್ತವೆ? ಅವನ್ನು ಕೇಳಲು ಆಗುತ್ತಾ, ಬರೀ ಸದ್ದೇ ಇರುತ್ತಾ?

ಇಂಟರ್‌ನೆಟ್ ಆರ್ಕೈವಿನಲ್ಲಿ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಗ್ರಾಮಫೋನ್ ತಟ್ಟೆಗಳ ದೊಡ್ಡ ಸಂಗ್ರಹ ಇದೆ. ವಿಕ್ರಮ್ ಸಂಪತ್ ಅವರು ಶುರು ಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕೂಡ ಹಳೇ ಭಾರತೀಯ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡಿ ಎಲ್ಲರೂ ಕೇಳುವ ಹಾಗೆ ಇಟ್ಟಿದೆ.

ಅಲ್ಲಿ ಮೊದಲು ಗೌಹರ್ ಜಾನ್ ಅವರನ್ನು ಕೇಳಿ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು, ನಮ್ಮ ದೇಶದ ಮೊಟ್ಟಮೊದಲ ರೆಕಾರ್ಡಿಂಗ್ ಕಲಾವಿದರ ಸಾಲಿನಲ್ಲಿ ನಿಲ್ಲುವವರು. ಅವರಿಗೂ ಮೈಸೂರಿಗೂ ಸಂಬಂಧ ಇದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1928ರಲ್ಲಿ, ಅವರು ಅರಮನೆಯ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಈ ಊರಿನಲ್ಲೇ ತೀರಿಕೊಂಡರು.

ರೆಕಾರ್ಡು ಹಾಕಿದಾಗ ಮೊದಲು ಕೇಳುವುದು ಒಗ್ಗರಣೆ ಚಟಪಟ ಅಂದಹಾಗೆ ಒಂದು ಸದ್ದು. ಎರಡು ಸಲ ಕೇಳಿದರೆ ಕಿವಿ ಅದನ್ನು ತಾನೇ ಪಕ್ಕಕ್ಕೆ ಸರಿಸುತ್ತದೆ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ರಾಗ ಬಿಡಿಸಿ, ತಾನ ಹಾಕಿ, ಮುಗಿಸಬೇಕು. ಎಷ್ಟು ಚುರುಕಾಗಿ ಮುಗಿಸುತ್ತಾರೆ ನೋಡಿ! ಕೊನೆಯಲ್ಲಿ ಹಾಡು ನಿಂತ ತಕ್ಷಣ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ, ಗಟ್ಟಿಯಾಗಿ, ಹೆಮ್ಮೆಯಿಂದ. ಆಗ ರೆಕಾರ್ಡುಗಳನ್ನು ಜರ್ಮನಿಗೆ ಕಳಿಸಿ ತಟ್ಟೆ ಒತ್ತಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಧ್ವನಿ ಅಂತ ಗೊತ್ತಾಗಲಿ ಅನ್ನುವುದಕ್ಕೆ ಈ ಏರ್ಪಾಡು. ಮೊದಲ ಸಲ ಇದನ್ನು ಕೇಳಿದ ದಿನ ನಾನು ಆ ಕೊನೆಯ ನಾಲ್ಕು ಸೆಕೆಂಡನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ.

ಹೀಗೆ ಪುಕ್ಕಟೆ ಕೇಳುವುದು ಕಾನೂನು ಪ್ರಕಾರ ಸರಿನಾ?

ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ರಚನೆಯ ಹಕ್ಕು ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ವಾಸುದೇವಾಚಾರ್ಯರ ಕೃತಿಗಳು ಆ ಲೆಕ್ಕದಲ್ಲಿ 2022ರಿಂದ ಎಲ್ಲರ ಸ್ವತ್ತು. ಹೊಸ ಕಲಾವಿದರು ಅದೇ ಕೃತಿ ಹಾಡಿದ ಹೊಸ ರೆಕಾರ್ಡಿಗೆ ಮಾತ್ರ ಅದರದೇ ಹಕ್ಕು ಇರುತ್ತದೆ.

ಯಾರು ಬೇಕಾದರೂ ಹಾಡು ಸೇರಿಸಬಹುದಾದ ಜಾಗಗಳಲ್ಲಿ ಹಕ್ಕು ಇರುವ ಹೊಸ ಹಾಡುಗಳೂ ನುಸುಳಿರುತ್ತವೆ. ಬದುಕಿರುವ ಕಲಾವಿದರ ಹಾಡಾದರೆ ಅವರದೇ ಚಾನೆಲ್ಲಿನಲ್ಲಿ ಕೇಳಿ, ಸಾಧ್ಯವಾದರೆ ಕೊಂಡುಕೊಳ್ಳಿ, ಕಛೇರಿಗೆ ಹೋಗಿ. ಸಂಗೀತಗಾರರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಲೈಬ್ರರಿಯ ಸಂಗ್ರಹದಿಂದ ಇಳಿಸಿಕೊಂಡದ್ದನ್ನು ನನ್ನ ಅಂಗಡಿಯಲ್ಲಿ ಹಾಕಬಹುದಾ?

ಹಕ್ಕು ಮುಗಿದದ್ದಾದರೆ ಹಾಕಬಹುದು. ಹಕ್ಕು ಇರುವುದಕ್ಕೆ ಲೈಸೆನ್ಸ್ ಬೇಕು. ಮನೆಯಲ್ಲಿ ಕೇಳುವುದೇ ಬೇರೆ, ಗಿರಾಕಿಗಳಿಗೆ ಕೇಳಿಸುವುದೇ ಬೇರೆ.

ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಲೈಬ್ರರಿ ಕಾರ್ಡಿನಲ್ಲಿ ನಾನು ಇಲ್ಲಿ ಕುವೆಂಪುನಗರದಲ್ಲಿ ಕೂತು ಕೇಳಬಹುದಾ?

ಬೇಡಮ್ಮ. ಕಾರ್ಡು ಅವಳ ಹೆಸರಿನಲ್ಲಿ, ಅವಳ ಊರಿನವರಿಗೆ ಅಂತ ಕೊಟ್ಟದ್ದು. ಅಲ್ಲಿನ ಸೇವೆಗಳು ಇಲ್ಲಿಂದ ತೆರೆದುಕೊಳ್ಳುವುದೂ ಕಷ್ಟ. ಆದರೆ ಮಗಳ ಮನೆಗೆ ಆರು ತಿಂಗಳಿಗೆ ಅಂತ ಹೋಗುತ್ತೀರಲ್ಲ, ಆಗ ಅವಳ ಜೊತೆ ಅಲ್ಲಿನ ಲೈಬ್ರರಿಗೆ ಹೋಗಿ ವಿಚಾರಿಸಿ. ನಿಯಮ ಊರಿಂದ ಊರಿಗೆ ಬೇರೆ. ಹೊರಗೆಲ್ಲ ಹಿಮ ಬಿದ್ದು ಮನೆಯೊಳಗೇ ಇರಬೇಕಾದ ದಿನಗಳಲ್ಲಿ ಅದರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಬೇಕು ಅಂತ ಆಸೆ. ತಲೆಬುಡ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೈಸೂರಿನವರಿಗೆ ಅದಕ್ಕೆ ಅರಮನೆಯಿಂದಲೇ ಒಂದು ಬಾಗಿಲಿದೆ. ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ಪಿಯಾನೊ ಬಲ್ಲವರು ಕೂಡ. ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯಾದ ಸಂಗೀತಗಾರ ಲಂಡನ್ನಿನಲ್ಲಿ ಕೊನೆಗಾಲ ಕಳೆಯುತ್ತಿದ್ದಾಗ, ಅವರ ಸಂಗೀತ ಉಳಿಯಲಿ ಅಂತ ಮಹಾರಾಜರು ದುಡ್ಡು ಕೊಟ್ಟು ರೆಕಾರ್ಡು ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದ್ದಾರೆ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಅದರ ಖರ್ಚಿಗೆ ನಿಂತದ್ದೂ ಮಹಾರಾಜರೇ.

ಹೀಗಾಗಿ ಮೊದಲು ಮೆಟ್ನರ್ ಪಿಯಾನೊ ಕೇಳಿ, ಆಮೇಲೆ ಸ್ಟ್ರಾಸ್ ಹಾಡುಗಳು. ರಾತ್ರಿ, ಮನೆ ನಿಶ್ಶಬ್ದವಾದ ಮೇಲೆ. ಭಾಷೆ ಅರ್ಥವಾಗದಿದ್ದರೂ ಧ್ವನಿ ಹೇಗೆ ನಿಧಾನವಾಗಿ ಮೇಲೇರುತ್ತದೆ ಗಮನಿಸಿ.

ಡೇಟಾ ಎಷ್ಟು ಖರ್ಚಾಗುತ್ತದೆ?

128 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 1 ಎಂಬಿ, ಒಂದು ಗಂಟೆಗೆ 60 ಎಂಬಿಯೊಳಗೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಚಿಂತೆಯೇ ಇಲ್ಲ. ವಿಡಿಯೊ ಬಿಟ್ಟು ಬರೀ ಆಡಿಯೊ ಇರುವ ಕಡೆ ಕೇಳಿ, ತುಂಬಾ ಉಳಿಯುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯವರು, ಇಳಿಸಿಕೊಳ್ಳಲು ಬಿಡುವ ಕಡೆಯಿಂದ ಪೇಟೆಗೆ ಬಂದಾಗ ಇಳಿಸಿಕೊಂಡು ಹೋಗಿ.

ರೇಡಿಯೊದಿಂದ ಹೊಸ ಹಾಡು ಹುಡುಕಬಹುದಾ?

ಖಂಡಿತ. ಅದರಲ್ಲೂ ನಮ್ಮ ಊರಿನವರು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಆ ಮನೆಯ ಪ್ರಸಾರದಿಂದ. ಇವತ್ತು ಮೈಸೂರು ಆಕಾಶವಾಣಿಯನ್ನೂ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ರಾಗಂ ಚಾನೆಲ್ಲನ್ನೂ ನ್ಯೂಸ್‌ಆನ್‌ಏರ್ ಆ್ಯಪಿನಲ್ಲಿ ಕೇಳಬಹುದು.

ರೇಡಿಯೊದಲ್ಲಿ ನನಗೆ ಇಷ್ಟವಾದದ್ದು ಹಾಡಿಗಿಂತ ಮುಂಚಿನ ಅರ್ಧ ನಿಮಿಷ. ರಾಗ ಇದು, ತಾಳ ಇದು, ರಚನೆ ಇವರದು, ಪಿಟೀಲಿನಲ್ಲಿ ಇವರು, ಮೃದಂಗದಲ್ಲಿ ಇವರು. ಫೋನಿನ ಆ್ಯಪ್‌ಗಳು ಪಕ್ಕವಾದ್ಯದವರ ಹೆಸರನ್ನೇ ನುಂಗಿಬಿಡುತ್ತವೆ. ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ರೇಡಿಯೊ ಹಚ್ಚಿ.

ಮಂಡ್ಯ ಕಡೆಯ ಪದಗಳು ಯಾಕೆ ಇಷ್ಟು ಕಡಿಮೆ ಸಿಗುತ್ತವೆ?

ನನ್ನ ಮನಸ್ಸಿಗೆ ತುಂಬಾ ಹತ್ತಿರದ ಪ್ರಶ್ನೆ ಇದು. ನಮ್ಮಜ್ಜಿ ಮಳವಳ್ಳಿ ಕಡೆಯವರು. ಅಲ್ಲೇ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಮನೆ ಮುಂದೆ ಬಂದು ತಂಬೂರಿ ಮೀಟಿ ಪದ ಎತ್ತಿದರೆ ಅಜ್ಜಿ ಮೊರದಲ್ಲಿ ರಾಗಿ ತುಂಬಿಕೊಂಡು ಬಂದು, ನೀಡದೆ ಹಾಗೇ ನಿಂತುಬಿಡುತ್ತಿದ್ದರು. ನೀಡಿದರೆ ಹಾಡು ನಿಂತುಹೋಗುತ್ತದಲ್ಲ ಅಂತ.

ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿ ಹಲಗೂರಿನ ಕಬ್ಬಿಣ ಕೆಲಸದ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಕೇಳಲು ಹೋದ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮೂರು ನಿಮಿಷದ ತಟ್ಟೆಗೆ ಅದು ಹಿಡಿಯುವಂಥದ್ದಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೂ ಕತ್ತರಿಸಿಯೇ ತುಂಬಬೇಕು. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯೂ ಅಷ್ಟೇ. ಮದುವೆ ಮನೆಯ ಸೋಬಾನೆ ಪದವಂತೂ ಎಲ್ಲರದೂ ಆಗಿದ್ದರಿಂದ ಯಾರ ಹೆಸರಿನಲ್ಲೂ ಬರೆದಿಡಲಿಲ್ಲ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಜನಪದ ಗೀತೆಗಳಿಗೆ ಹಾಡಿದವರ ಹೆಸರಿಲ್ಲ, ಊರಿಲ್ಲ. ಸುಮ್ನೆ ‘ಜನಪದ’ ಅಂತ ಬರೆದಿರುತ್ತಾರೆ. ಹುಡುಕುವವರು ಯಾವ ಹೆಸರು ಹಿಡಿದು ಹುಡುಕಬೇಕು?

ಅದಕ್ಕೇ 398ರ ಸಾಲಿಗೆ ಹೋಗಿ ಅಂದದ್ದು. ಎಚ್.ಎಲ್. ನಾಗೇಗೌಡ, ಜೀ.ಶಂ. ಪರಮಶಿವಯ್ಯ ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಊರೂರು ಅಲೆದು ಪದ ಕೂಡಿಹಾಕಿದವರು. ಪದಗಳ ಸಂಗ್ರಹದ ಪುಸ್ತಕ ತೆಗೆದು, ಮೊದಲ ಸಾಲನ್ನೇ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿ. ಸಿದ್ಧಪ್ಪಾಜಿ, ರಾಚಪ್ಪಾಜಿ, ಹಲಗೂರು, ಚಿಕ್ಕಲ್ಲೂರು ಅಂತ ಕಥೆಯೊಳಗಿನ ಹೆಸರು ಹಾಕಿ. ಜನಪದ ಗೀತೆ ಅಂತ ಹಾಕಿದಾಗ ಬರದೇ ಇದ್ದದ್ದು ಆಗ ಬರುತ್ತದೆ. ರಾಮನಗರದ ಹತ್ತಿರ ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೂ ಒಮ್ಮೆ ಹೋಗಿ ಬನ್ನಿ. ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಅಮೆರಿಕದ ಸಿಯಾಟಲ್ ಲೈಬ್ರರಿ ಪ್ಲೇಬ್ಯಾಕ್ ಅಂತ ಒಂದು ಸಂಗ್ರಹ ಮಾಡಿದೆ. ತಮ್ಮ ಊರಿನ ಸಂಗೀತಗಾರರ ಆಲ್ಬಮ್ಮುಗಳನ್ನು ಆರಿಸಿ, ಅವರಿಗೆ ದುಡ್ಡು ಕೊಟ್ಟು, ಎಲ್ಲರೂ ಕೇಳುವ ಹಾಗೆ ಇಟ್ಟಿದೆ. ಅಯೋವಾ ಸಿಟಿ ಅನ್ನುವ ಸಣ್ಣ ಊರಿನ ಲೈಬ್ರರಿ ಅದಕ್ಕೂ ಮುಂಚೆಯೇ ಈ ಕೆಲಸ ಮಾಡಿತು. ಸಣ್ಣ ಊರಿಗೇ ಆದದ್ದು ನಮಗೆ ಯಾಕೆ ಆಗಬಾರದು? ನಮ್ಮ ಗ್ರಾಮ ಪಂಚಾಯಿತಿಗಳ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಹಲಗೂರು ಸೀಮೆಯ ನೀಲಗಾರರ ಪದ ಹಲಗೂರಿನ ಮಕ್ಕಳಿಗೆ ಅಲ್ಲೇ ಕೇಳಿಸಬೇಕು ಅನ್ನುವುದು ನನ್ನ ಆಸೆ. ನಿಮ್ಮೂರಿನ ಲೈಬ್ರರಿಯಲ್ಲಿ ಸಲಹೆ ಪುಸ್ತಕ ಕೇಳಿ, ಇದನ್ನು ಬರೆಯಿರಿ. ನಾನು ಬರೆದಿದ್ದೇನೆ.

ನಮ್ಮ ಮನೆಯಲ್ಲೂ ಅಜ್ಜಿ ಸೋಬಾನೆ ಹಾಡುತ್ತಾರೆ. ರೆಕಾರ್ಡು ಮಾಡಿಟ್ಟರೆ ಉಪಯೋಗ ಆಗುತ್ತಾ?

ಆಗುತ್ತದೆ. ಈ ವಾರವೇ ಮಾಡಿ. ನಾನು ನಮ್ಮಜ್ಜಿಯ ಒಂಬತ್ತು ಪದ ಫೋನಿನಲ್ಲಿ ಹಿಡಿದಿಟ್ಟಿದ್ದೆ. ರಿಪೇರಿಗೆ ಕೊಟ್ಟಾಗ ಎಲ್ಲಾ ಅಳಿಸಿಹೋಯಿತು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ.

ಫ್ಯಾನು ಆರಿಸಿ. ಟಿವಿ ಆರಿಸಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಎದುರಿಗೆ ಒಂದು ಮಡಿಸಿದ ಟವೆಲ್ ಮೇಲಿಡಿ. ಮಧ್ಯೆ ಕೆಮ್ಮಿದರೆ, ಮರೆತು ನಿಲ್ಲಿಸಿದರೆ, ಪಕ್ಕದಲ್ಲಿ ಕೂತ ಚಿಕ್ಕಮ್ಮ ಸಾಲು ಎತ್ತಿಕೊಟ್ಟರೆ ಅದನ್ನೂ ಬಿಡಿ, ಕತ್ತರಿಸಬೇಡಿ. ಸೊಲ್ಲು ಎತ್ತಿಕೊಡುವುದೂ ಹಾಡಿನ ಭಾಗವೇ. ಮುಗಿದ ಮೇಲೆ ಎರಡು ಮೂರು ಕಡೆ ಪ್ರತಿ ಇಡಿ. ಎಲ್ಲರಿಗೂ ಕೇಳಿಸುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ.

ಫೈಲಿನ ಹೆಸರು ಬದಲಾಗಬಹುದು, ಚೀಟಿ ಕಳೆದುಹೋಗಬಹುದು. ಹಾಗಾಗಿ ಪದ ಮುಗಿದ ಕೂಡಲೇ ರೆಕಾರ್ಡು ನಿಲ್ಲಿಸಬೇಡಿ. ಗೌಹರ್ ಜಾನ್ ಹೇಳಿದ ಹಾಗೆ ಅಜ್ಜಿಯೂ ಕೊನೆಯಲ್ಲಿ ತಮ್ಮ ಹೆಸರು ಹೇಳಲಿ, ಹುಟ್ಟಿದ ಊರು ಹೇಳಲಿ, ಈ ಪದ ಯಾರಿಂದ ಕಲಿತೆ ಅಂತ ಹೇಳಲಿ.